ಮೂಸಿ ಕೊಂಡ ಕೊಬ್ಬರಿ

ಶೆಟ್ಟಿಕೆರೆಯಲ್ಲಿ ನಮ್ಮದೊಂದು ಎಣ್ಣೆ ಗಾಣವಿದೆ. ಅದು ಓಡುವುದು ಕರೆಂಟಿನಿಂದಲ್ಲ, ತಮ್ಮ ಮೂಗಿನಿಂದ ಎಂಬುದು ನಮ್ಮ ಯಜಮಾನರು ಶಂಭುಲಿಂಗಯ್ಯನವರ ನಂಬಿಕೆ. ಕೊಬ್ಬರಿ ಒಡೆದು ಒಮ್ಮೆ ಮೂಸಿದರೆ ಸಾಕು, ಅಟ್ಟದ ಮೇಲೆ ಎಷ್ಟು ತಿಂಗಳು ಒಣಗಿದೆ, ಮಳೆಹನಿ ತಾಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಸುಳ್ಳೇಕೆ, ಸರಿಯಾಗಿಯೇ ಹೇಳುತ್ತಿದ್ದರು. ಅದಕ್ಕೇ ಎಣ್ಣೆ ಬಾಟಲಿಯ ಮೇಲೆ ಅವರ ಫೋಟೊ. ಗಾಣಕ್ಕೆ ಕೊಬ್ಬರಿ ಹಾಕಿ ಬಾಟಲಿ ತುಂಬುವವಳು ನಾನು, ಸರ್ವಮಂಗಳ. ನನ್ನ ಫೋಟೊ ಆಧಾರ್ ಕಾರ್ಡಿನ ಮೇಲಿದೆ.

ಕೊರೊನಾ ಎರಡನೇ ಸಲ ಬಂದಾಗ ದೊಡ್ಡ ಕಂಪನಿಗಳ ಎಣ್ಣೆ ಬರುವುದು ನಿಂತಿತು. ಮಾಯಸಂದ್ರದವರೆಗಿನ ಅಂಗಡಿಯವರೆಲ್ಲ ನಮ್ಮದನ್ನೇ ಕೇಳತೊಡಗಿದರು. ಆ ಹೊತ್ತಿಗೇ ಇವರಿಗೆ ಜ್ವರ ಬಂತು. ಟೆಸ್ಟ್ ಮಾಡಿಸಿ ಅಂದೆ.

"ಬಾಯ್ಮುಚ್ಚೇ! ಬಾಗ್ಲಿಗೆ ಪಟ್ಟಿ ಕಟ್ಟಿ ಹೋಯ್ತಾರೆ. ಗಾಣ ನಿಂತ್ರೆ ಆಮೇಲೆ ನಮ್ಮನ್ನ ಯಾರು ಕೇಳ್ತಾರೆ?"

ಗಾಣ ಮುಚ್ಚುವ ಭಯ ನನಗೂ ಇತ್ತು. ಕಷಾಯ ಕಾಯಿಸಿ ಕೊಟ್ಟೆ.

ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಮಹಾರಾಯರು ಬಾಯಿ ಬಿಡಲಿಲ್ಲ. ಕಂದಿಕೆರೆಯ ಬಾಲರಾಜು ಸೋರಿದ ಅಟ್ಟದ ಕೊಬ್ಬರಿ ತಂದಾಗ ಒಂದನ್ನು ಒಡೆದು, ಮಾಸ್ಕು ಇಳಿಸಿ, ಕಣ್ಣು ಮುಚ್ಚಿ ಮೂಸಿದರು. "ಹನ್ನೊಂದು ತಿಂಗ್ಳು. ಚಿನ್ನದಂಥ ಮಾಲು ಕಣಪ್ಪ!" ಬಾಲರಾಜುವೇ ಬೆಚ್ಚಿಬಿದ್ದ.

ಅರೆಯುವಾಗ ಮುಗ್ಗಲು ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದೆ. "ರೀ, ನಾತ ಹೊಡೀತೈತೆ!"

ಇವರು ನಾಲ್ಕು ಹೆಜ್ಜೆ ಹಿಂದೆ ಸರಿದರು. "ನಿನ್ ಮೂಗು ಕೆಟ್ಟೈತೆ ಕಣೇ. ಕೊರೊನಾ ಬಂದಿರೋದು ನಿಂಗೆ. ನಡಿ ಒಳೀಕೆ!"

ಹದಿನಾಲ್ಕು ದಿನ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ತಟ್ಟೆಯನ್ನು ಕಾಲಲ್ಲಿ ತಳ್ಳುತ್ತಿದ್ದರು. ಎಷ್ಟು ಹೊಟ್ಟೆ ಉರಿಯಿತು ಅಂತ ನನಗೇ ಗೊತ್ತು. ಆ ದರಿದ್ರ ಎಣ್ಣೆ ಮಾತ್ರ ಚೆನ್ನಾಗಿ ಖರ್ಚಾಯಿತು. ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಮೂಗಿನ ಮೇಲೆ ಮಾಸ್ಕು, ಇನ್ನರ್ಧ ಜನಕ್ಕೆ ಇವರದೇ ಕಾಯಿಲೆ, ಇವರದೇ ಗುಟ್ಟು.

ತಿಂಗಳಾಗುತ್ತಲೇ ಜನರ ಮೂಗು ಒಂದೊಂದಾಗಿ ಮರಳಿತು, ಹಿಂದೆಯೇ ಬಾಟಲಿಗಳೂ ಮರಳಿದವು. ಮಾಯಸಂದ್ರದ ಅಂಗಡಿ ತಿಮ್ಮರಾಜು ಒಂದು ಚೀಲ ಬಾಟಲಿ ತಂದು ಜಗುಲಿಗೆ ಸುರಿದ. "ನನ್ ಹೆಂಡ್ತಿ ತಲೆಗೆ ಹಚ್ಕೊಂಡು ಹೋದ್ರೆ ಎಮ್ಮೆ ಹಾಲ್ ಕರೆಯಾಕೆ ಬಿಡ್ಲಿಲ್ಲ! ಇನ್ನೊಂದ್ಸಲ ಹಿಂಗಾದ್ರೆ ನಿಮ್ ಎಣ್ಣೆ ಸಾವಾಸ ಬ್ಯಾಡ ಬುಡಿ."

ಇವರ ಮೂಗು ಮಾತ್ರ ಇವತ್ತಿಗೂ ಬಂದಿಲ್ಲ. ಅವತ್ತು ಒಂದು ಕೊಬ್ಬರಿ ಹಿಡಿದು ನನ್ನ ಮುಂದೆ ನಿಂತರು. "ಮಂಗ್ಳಾ, ವಸಿ ಮೂಸಿ ನೋಡೇ. ಗಾಣ ಮುಚ್ಚೋಯ್ತದೆ." ಕಣ್ಣಲ್ಲಿ ನೀರಿತ್ತು. ಅಯ್ಯೋ ಅನ್ನಿಸಿತು. ಮೂಸಿದೆ, ಒಂದು ಷರತ್ತು ಹಾಕಿಯೇ ಮೂಸಿದೆ.

ಮೊನ್ನೆ ಬಾಲರಾಜು ಮತ್ತೆ ಕೊಬ್ಬರಿ ತಂದ. ಒಂದನ್ನು ಒಡೆದು ಮೂಸಿ, ಚೀಲ ವಾಪಸ್ ಗಾಡಿಗೇ ಹಾಕು ಅಂದೆ. ಅವನು ಅತ್ತಿತ್ತ ನೋಡಿದ.

"ಅಣ್ಣ ಎಲ್ಲಕ್ಕಾ?"

"ಹಿಂದಿನ್ ಕೋಣೇಲವ್ರೆ. ವಾಸ್ನೆ ಗೊತ್ತಾಗ್ದೇ ಇರೋರ್ನ ಅಲ್ಲೇ ಕೂರ್ಸೋದು ಕಣಪ್ಪ. ಕಾನೂನು ಅವರ್ದೇ."