ಚೀಟಿ ಇಲ್ಲದ ಪಾತ್ರೆ

ಶಾಲೆಯಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಮಗಳು ಸತ್ತ ಮೂರನೆಯ ದಿನ ಕೊರಿನ್ ಟ್ಯಾಕೆಟ್‌ಳ ಮನೆಗೆ ಸೆನೆಟರ್ ಬಂದ. "ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ," ಎಂದ. ಟಿ.ವಿ.ಯವರ ಎದುರೇ ಅವಳು, "ನಿಮ್ಮ ಪ್ರಾರ್ಥನೆ ನನಗೆ ಬೇಡ. ಬಂದೂಕಿಗೆ ಕಾನೂನು ತನ್ನಿ," ಎಂದುಬಿಟ್ಟಳು.

ಆ ಮಾತಿಗೆ ಅಮೆರಿಕದ ಕೆಂಟಕಿ ರಾಜ್ಯದ ಆ ಸಣ್ಣ ಊರು ಎರಡು ಹೋಳಾಯಿತು. ಚರ್ಚಿನ ಅಡುಗೆಮನೆಯಲ್ಲಿ ಸಾವಿನ ಮನೆಗೆ ಕಳಿಸುವ ಕೋಳಿ-ಅನ್ನ ಒಲೆಯಿಂದ ಇಳಿದಿತ್ತು. ಕೊಂಡೊಯ್ಯುವವರೇ ಇಲ್ಲ.

"ನಮ್ಮ ಪ್ರಾರ್ಥನೆ ಬೇಡ, ನಮ್ಮ ಅನ್ನ ಮಾತ್ರ ಬೇಕೇನೋ!" ಎಂದಳು ಅಡುಗೆಯ ಹಿರಿಯಳಾದ ವೆಸ್ಟಾ.

"ಹೊಟ್ಟೆಗೆ ಯಾವ ಪಕ್ಷ ಬಿಡಿ, ಮಿಸ್ ವೆಸ್ಟಾ," ಎಂದಳು ಜೊತೆಗೆ ಅಡುಗೆ ಮಾಡುತ್ತಿದ್ದ ಓಪಲ್.

"ನೀನು ಯಾರಿಗೆ ಓಟು ಹಾಕ್ತೀಯಂತ ನಂಗೊತ್ತು. ಸುಮ್ನಿರೇ."

ಪಾತ್ರೆ ತೊಳೆಯುತ್ತಿದ್ದ ಲೋರ್ನಾ ಕೈ ಒರೆಸಿಕೊಂಡು, "ನಾನು ಕೊಟ್ಟು ಬರ್ತೀನಿ," ಎಂದಳು. ಅಪರೂಪಕ್ಕೆ ಮಾತಾಡುವ ಅವಳ ದನಿ ಕೇಳಿ ಇಬ್ಬರೂ ತಿರುಗಿ ನೋಡಿದರು.

ಕೊರಿನ್ ಅವಳ ಬಾಲ್ಯದ ಗೆಳತಿ. ಮಣ್ಣು ಮಾಡಿದ ದಿನದಿಂದ ಲೋರ್ನಾ ಆ ಕಡೆ ಹೋಗಿರಲಿಲ್ಲ. ಏನು ಹೇಳಿದರೂ ತಪ್ಪಾದೀತು, ಗೆಳತಿ ಬಾಗಿಲಿನಿಂದಲೇ ಕಳಿಸಿಬಿಟ್ಟಾಳು ಎಂಬ ಭಯ. ಚರ್ಚಿನಿಂದ ಹೋಗುವ ಪ್ರತಿ ಪಾತ್ರೆಗೂ 'ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ' ಎಂಬ ಚೀಟಿ ಅಂಟಿಸುವುದು ರೂಢಿ. ಗೆಳತಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ ಲೋರ್ನಾ ಅದನ್ನು ಕಿತ್ತು ಜೇಬಿಗೆ ತುರುಕಿದಳು.

ಕೊರಿನ್ ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ. ಪಾತ್ರೆಯನ್ನು ಅತ್ತಿತ್ತ ತಿರುಗಿಸಿದಳು.

"ಚೀಟಿ ಎಲ್ಲೇ?"

"ನಿಂಗೆ ಬೇಡ ಅಂದ್ಯಲ್ಲ..."

"ಅವನಿಗೆ ಅಂದಿದ್ದು ಕಣೇ! ಅವನ ಕೈಲಿ ಕಾನೂನಿದೆ. ನಿನ್ನ ಕೈಲೇನಿದೆ?"

"ಕೋಳಿ-ಅನ್ನ," ಎಂದಳು ಲೋರ್ನಾ. "ಉಪ್ಪು ಸ್ವಲ್ಪ ಜಾಸ್ತಿ."

ಕೊರಿನ್‌ಳ ಗಂಟಲಿನಿಂದ ಹೊರಟದ್ದು ನಗುವೋ ಅಳುವೋ ತಿಳಿಯಲಿಲ್ಲ. "ನೀನೂ ಪ್ರಾರ್ಥನೆ ನಿಲ್ಲಿಸಿಬಿಟ್ಯಾ?"

ಲೋರ್ನಾ ಇಲ್ಲವೆಂದು ತಲೆಯಾಡಿಸಿ ಜೇಬಿನಿಂದ ಚೀಟಿ ತೆಗೆದಳು. ಅಂಟಿಗೆ ನೂಲಿನ ಎಳೆಗಳು ಮೆತ್ತಿಕೊಂಡಿದ್ದವು. ಕೊರಿನ್ ಲೋರ್ನಾಳನ್ನು ಒಳಗೆ ಕರೆದು, ಅದನ್ನು ಹಾಗೇ ಅಡುಗೆಮನೆಗೆ ಒಯ್ದು ಫ್ರಿಜ್ಜಿನ ಬಾಗಿಲಿಗೆ, ಸೆನೆಟರನ ಕಚೇರಿಯ ಫೋನ್ ನಂಬರಿನ ಕೆಳಗೆ ಒತ್ತಿದಳು.

"ದಿನಾ ಬೆಳಿಗ್ಗೆ ಅವನ ಕಚೇರಿಗೆ ಫೋನ್ ಮಾಡ್ತೀನಿ. ನಾಳೆ ಬರ್ತೀಯಾ?"

"ನಾನೂ ಮಾತಾಡ್ಬೇಕಾ?" ಲೋರ್ನಾ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ. ಪಕ್ಕದಲ್ಲಿ ಕೂತ್ಕೋ."

ಲೋರ್ನಾ ಕಪಾಟಿನಿಂದ ಎರಡು ತಟ್ಟೆ ತೆಗೆದಳು.