ಇಬ್ಬರಿಗೆ ಒಂದು ತೊಟ್ಟಿ

ಏಳು ತಿಂಗಳ ಹೊಟ್ಟೆ ಹೊತ್ತು ತವರಿಗೆ ಬಂದ ಮಗಳು ಕಾಲು ತೊಳೆದು ಒಳಗೆ ಬರಬೇಕು, ಕೂರಬೇಕು, ಬೆಲ್ಲ ನೀರು ಕುಡಿಯಬೇಕು. ನನ್ನ ಮಗಳು ಭವಿತಾ ಸೀದಾ ಬಚ್ಚಲಿಗೆ ಹೋಗಿ ಟೇಪು ಬಿಚ್ಚಿದಳು. ಅವಳನ್ನು ಬಿಟ್ಟುಹೋಗಲು ಬಂದ ಅಳಿಯ ಲತೀಶ್ ಟೇಪಿನ ಇನ್ನೊಂದು ತುದಿ ಹಿಡಿದು ಸುಮ್ಮನೆ ನಿಂತ. ಅವನಿಗೆ ಅಭ್ಯಾಸವಾಗಿದೆ.

"ಅವ್ವ, ಐದೂವರೆ ಅಡಿಯ ಟಬ್ ಕೂರ್ತದೆ. ಅದರ ಮೇಲೆಯೇ ಶವರ್. ಎರಡಕ್ಕೆ ಬೇರೆ ಬೇರೆ ಜಾಗ ಬೇಡ" ಅಂದಳು.

ನಮ್ಮದು ಅರೆಭಾಷೆಯ ಮನೆ. ಎಲ್ಲರಿಗೂ ತಿಳಿಯಲಿ ಎಂದು ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆವತ್ತು ನಾನು ಬೈದದ್ದು ಮಾತ್ರ ಅರೆಭಾಷೆಯಲ್ಲೇ ಚೆನ್ನಾಗಿತ್ತು, ಅದನ್ನು ಬಿಟ್ಟುಬಿಡುತ್ತೇನೆ.

ಇಚಿಲಂಪಾಡಿಯ ನಮ್ಮ ಮನೆಯ ಬಚ್ಚಲನ್ನು ಹೆರಿಗೆಗೆ ಮೊದಲು ಹೊಸದು ಮಾಡುವುದೆಂದು ತೀರ್ಮಾನವಾಗಿತ್ತು, ನಿಜ. ನನ್ನ ಪ್ರಕಾರ ಹೊಸದು ಎಂದರೆ ಜಾರದ ನೆಲ, ಹೊಗೆ ಹೊರಗೆ ಹೋಗುವ ಒಲೆ, ಹಂಡೆಗೊಂದು ಗಟ್ಟಿ ಕಟ್ಟೆ. ಮಲಗಿಕೊಂಡು ಮೀಯುವ ತೊಟ್ಟಿ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಭವಿತಾ ಪುತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ದಿನವಿಡೀ ನಿಂತು ಸೊಂಟ ಹಿಡಿದಿದೆ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಕೂತರೆ ಭಾರವೇ ಗೊತ್ತಾಗುವುದಿಲ್ಲ ಎಂದು ಅವಳ ವಾದ. ನನ್ನ ಗಂಡ ಜತ್ತಪ್ಪ ಮೂವತ್ತು ವರ್ಷ ಪುತ್ತೂರು–ಸುಬ್ರಹ್ಮಣ್ಯ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟಾಪಿಲ್ಲದ ಕಡೆ ಯಾರು ಕೈ ತೋರಿಸಿದರೂ ನಿಲ್ಲಿಸುತ್ತಿರಲಿಲ್ಲವಂತೆ. ಮಗಳು ಮುಖ ಸಣ್ಣ ಮಾಡಿದರೆ ಸಾಕು, ಅಲ್ಲೇ ಬ್ರೇಕು.

"ಅವಳಿಗೆ ಬೇಕಾದರೆ ಹಾಕುವ" ಅಂದರು.

"ಹಾಕಿ. ಬಾಣಂತಿಯನ್ನು ಎಲ್ಲಿ ಮೀಯಿಸುದು, ಅಂಗಳದಲ್ಲಾ?" ಎಂದು ಕೇಳಿದೆ.

ನಮ್ಮ ಕಡೆ ಬಾಣಂತಿ ಸ್ನಾನ ಎಂದರೆ ಒಬ್ಬಳೇ ಬಾಗಿಲು ಹಾಕಿಕೊಂಡು ಮಾಡುವ ಕೆಲಸವಲ್ಲ. ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು ಹಂಡೆ ತುಂಬ ಇರಬೇಕು. ಮೀಯಿಸುವವಳು ನಿಂತು ಚೆಂಬಿನಿಂದ ಬೆನ್ನಿಗೆ ಬೀಸಿ ಹೊಡೆಯಬೇಕು. ಆಮೇಲೆ ಅವಳು ನೆಲದ ಮೇಲೆ ಮಣೆ ಹಾಕಿ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಬೇಕು. ಹೀಗೆ ನಲವತ್ತು ದಿನ. ನನ್ನನ್ನು ಹಾಗೆ ಮೀಯಿಸಿದವರು ದುಗ್ಗಮ್ಮಕ್ಕ. ಭವಿತಾಳ ಮೂಗು ನೀವಿ ನೇರ ಮಾಡಿದವರೂ ಅವರೇ. ನನ್ನ ಮೊಮ್ಮಗುವಿಗೂ ಅವರದೇ ಕೈ ಬೇಕೆಂದು ನನಗೆ ಹಟ. ನಮ್ಮ ಊರಿನಲ್ಲಿ ಅವರ ಕೈಯಲ್ಲಿ ಅತ್ತು ದೊಡ್ಡವರಾಗದವರು ಕಡಿಮೆ.

ಮರುದಿನವೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಎಪ್ಪತ್ತೆರಡು ದಾಟಿದೆ, ಆದರೂ ತೋಳು ನೋಡಿದರೆ ಒನಕೆ ಹಿಡಿಯಬಹುದು ಅನಿಸುತ್ತದೆ. ವಿಷಯ ಹೇಳುವ ಮೊದಲೇ ತಲೆ ಅಲ್ಲಾಡಿಸಿದರು.

"ನನ್ನಿಂದ ಆಗುದಿಲ್ಲ. ಬೇರೆ ಯಾರನ್ನಾದರೂ ನೋಡು."

"ಎಂತಕ್ಕೆ ಆಗುದಿಲ್ಲ? ಕೈ ಸರಿ ಉಂಟಲ್ಲ?"

"ಕೈ ಸರಿ ಉಂಟು. ಕಾಲು ಇಲ್ಲ." ಸ್ವಲ್ಪ ಹೊತ್ತು ಸೀರೆಯ ಸೆರಗು ಮಡಚಿದರು, ಬಿಚ್ಚಿದರು. "ಎರಡು ವರ್ಷದ ಹಿಂದೆ ದೇರಣ್ಣನ ಮನೆಯಲ್ಲಿ ಮಗುವನ್ನು ಮೀಯಿಸಿ ಆಯ್ತು, ಏಳ್ಲಿಕ್ಕೆ ಆಗ್ಲಿಲ್ಲ. ಕೈಯಲ್ಲಿ ಮಗು, ಮೈಯೆಲ್ಲ ಎಣ್ಣೆ. ಕೂಗಿದರೆ ಬಾಣಂತಿ ಹೆದರ್ತಾಳೆ ಅಂತ ಕೂಗ್ಲಿಲ್ಲ. ಕೊನೆಗೆ ಮನೆಯವರೇ ಬಂದು ಇಬ್ಬರು ಸೇರಿ ಎಬ್ಬಿಸಿದರು. ಮಗುವಿಗೆ ಏನೂ ಆಗ್ಲಿಲ್ಲ. ಆದರೆ ಆವತ್ತಿಗೆ ಸಾಕು ಅಂತ ಆಯ್ತು ನನಗೆ."

ಅಷ್ಟು ಹೇಳಿ ಅಂಗಳದ ಕಡೆ ನೋಡಿದರು. ಈಗ ಬಾಣಂತಿಯರಿಗೆ ಹೊರಗಿನಿಂದ ಯಾರೋ ಬರುತ್ತಾರೆ, ಇವರನ್ನು ಯಾರೂ ಕರೆಯುವುದಿಲ್ಲ. ಕರೆದರೆ ಇವರು ಹೋಗುವುದಿಲ್ಲ. ಎರಡು ವರ್ಷದಿಂದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿವೆ ಎಂದು ನೋಡಿ ನನಗೆ ಸಂಕಟವಾಯಿತು. ಒತ್ತಾಯ ಮಾಡಲು ಬಾಯಿ ಬರಲಿಲ್ಲ, ಬಂದುಬಿಟ್ಟೆ.

ಆ ಶನಿವಾರ ನಾವು ಮೂವರೂ ಟಬ್ ನೋಡಲು ಪುತ್ತೂರಿಗೆ ಹೋದೆವು. ನಾನು ಹೋದದ್ದು ಬೇಡ ಎನ್ನಲು. ಅಂಗಡಿಯ ತಿರುಮಲೇಶ್ವರ ಬಹಳ ಮರ್ಯಾದಸ್ಥ. ಬಿಳಿಯದು, ಕೆನೆ ಬಣ್ಣದ್ದು, ಮೂಲೆಗೆ ಕೂರುವುದು, ಶವರಿಗೆ ಗಾಜಿನ ಪರದೆ ಇರುವುದು ಎಂದು ಒಂದೊಂದನ್ನೂ ಒರೆಸಿ ಒರೆಸಿ ತೋರಿಸಿದ. ನಾನು ಬೆರಳಿನಿಂದ ತಟ್ಟಿ ನೋಡಿದೆ. ಬಕೆಟಿನ ಸದ್ದೇ ಬಂತು.

"ಮಲಗಿ ನೋಡಿ ಮೇಡಂ, ಮಲಗದೆ ಹೇಗೆ ಗೊತ್ತಾಗುದು?" ಅಂದ ಅವನು ಭವಿತಾಳಿಗೆ.

ಅವಳು ಅಪ್ಪನ ಕೈ ಹಿಡಿದು ಒಳಗೆ ಇಳಿದಳು. ಕಾಲು ಚಾಚಿದಳು, ಕಣ್ಣು ಮುಚ್ಚಿದಳು, ಸುಖ ಎಂದಳು. ನನಗೆ ಹೊಟ್ಟೆ ಉರಿಯಿತು, ಯಾಕೆಂದರೆ ನಿಜಕ್ಕೂ ಸುಖವಾಗಿದ್ದಂತೆ ಕಂಡಳು. ಆಮೇಲೆ ಏಳಲು ಹೋದಳು. ಏಳಲಾಗಲಿಲ್ಲ. ಅಂಚು ಹಿಡಿದಳು, ಜಾರಿತು. ಮಗ್ಗುಲಾದಳು, ಹೊಟ್ಟೆ ಅಡ್ಡ ಬಂತು. ಮೊದಲು ಅವಳಿಗೇ ನಗು ಬಂತು, ನಕ್ಕದ್ದರಿಂದ ಇದ್ದ ಶಕ್ತಿಯೂ ಹೋಯಿತು. ಜತ್ತಪ್ಪ ಒಂದು ಕೈ, ತಿರುಮಲೇಶ್ವರ ಒಂದು ಕೈ.

"ಸ್ವಲ್ಪ ರಿವರ್ಸ್ ಬಾ ಮಗಳೇ" ಎಂದು ಇವರು ಅಂದದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂತೂ ಎಬ್ಬಿಸಿದರು.

ನಾನು ನಗಲಿಲ್ಲ. ಬಗ್ಗಿ ಆ ಟಬ್ಬಿನ ಅಂಚು ನೋಡುತ್ತಿದ್ದೆ. ಎರಡು ಬೆರಳು ಅಗಲ. ಅಲ್ಲಿ ಕಾಗೆ ಕೂರಬಹುದು, ಮನುಷ್ಯರು ಕೂರುವ ಹಾಗಿಲ್ಲ. ಇದನ್ನು ಮಾಡಿದವರು ಒಬ್ಬರೇ ಮೀಯುವವರು ಎಂದು ಆಗ ನನಗೆ ಹೊಳೆಯಿತು. ಒಬ್ಬರು ಮೀಯುವಾಗ ಇನ್ನೊಬ್ಬರು ಪಕ್ಕದಲ್ಲಿ ಇರುತ್ತಾರೆ ಎಂಬುದು ಅವರ ತಲೆಗೇ ಹೋಗಿಲ್ಲ.

"ಈ ಅಂಚು ಒಂದು ಅಡಿ ಅಗಲ ಇದ್ದರೆ, ಎತ್ತರ ಮಂಚದಷ್ಟು ಇದ್ದರೆ, ಮೊದಲು ಅದರ ಮೇಲೆ ಕೂತು ಆಮೇಲೆ ಕಾಲು ಒಳಗೆ ಹಾಕಬಹುದು. ಏಳುವಾಗಲೂ ಹಾಗೆಯೇ. ಅಲ್ವಾ?" ಎಂದು ಭವಿತಾಳನ್ನು ಕೇಳಿದೆ.

ಅವಳು ನನ್ನನ್ನು ಬಿಟ್ಟ ಕಣ್ಣಿನಿಂದ ನೋಡಿದಳು. "ಅವ್ವ, ನೀನು ಟಬ್ ಬೇಕು ಅಂತ ಹೇಳ್ತಾ ಇದ್ದೀಯಾ?"

"ಇದು ಬೇಡ ಅಂತ ಹೇಳ್ತಾ ಇದ್ದೇನೆ. ನಾವೇ ಕಟ್ಟಿಸುವ."

ತಿರುಮಲೇಶ್ವರನ ಮುಖ ಬಾಡಿತು. ಪಾಪ, ಅವನ ಅಂಗಡಿಯಿಂದಲೇ ಟೈಲ್ಸು, ನಲ್ಲಿ, ಉದ್ದ ಪೈಪಿನ ಕೈ ಶವರ್ ತರುವುದೆಂದು ಹೇಳಿದ ಮೇಲೆ ಟೀ ತರಿಸಿದ.

ಕಟ್ಟಲು ಬಂದವನು ಕಡಬದ ಹನಾನ್. ಟೈಲ್ಸ್ ಕೆಲಸದಲ್ಲಿ ಅವನ ಕೈ ಅಂದರೆ ಕೈ. ನಾನು ಹೇಳಿದ್ದನ್ನೆಲ್ಲ ಕೇಳಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಇಟ್ಟ. "ಅಕ್ಕ, ಚಿತ್ರ ಬರೆದು ಪ್ರಯೋಜನ ಇಲ್ಲ. ಅಂಗಳದಲ್ಲಿ ಕೆಂಪುಕಲ್ಲು ಜೋಡಿಸಿ ತೋರಿಸ್ತೇನೆ. ಮೀಯಿಸುವವರು ಬಂದು ಕೂತು ನೋಡ್ಲಿ. ಸಿಮೆಂಟು ಆಮೇಲೆ."

ಮೀಯಿಸುವವರು ಬರಬೇಕಲ್ಲ. ನಾನು ದುಗ್ಗಮ್ಮಕ್ಕನ ಮನೆಗೆ ಹೋಗಿ, "ಮೀಯಿಸ್ಲಿಕ್ಕೆ ಕರೆಯುದಲ್ಲ. ಆ ಜನ ಏನೇನೋ ಕಟ್ತಾರೆ, ನೀವು ಒಮ್ಮೆ ಬಂದು ಬೈದು ಹೋಗಿ" ಅಂದೆ. ಬೈಯಲು ಕರೆದರೆ ಅವರು ಇಲ್ಲ ಎನ್ನುವುದಿಲ್ಲ. ಕೋಲು ಹಿಡಿದು ಹೊರಟೇ ಬಂದರು.

ಅಂಗಳದಲ್ಲಿ ಎರಡು ವರಸೆ ಕಲ್ಲಿನ ತೊಟ್ಟಿ ಸಿದ್ಧವಾಗಿತ್ತು. ದುಗ್ಗಮ್ಮಕ್ಕ ಅದರ ಸುತ್ತ ಒಂದು ಸುತ್ತು ಬಂದರು. ಕೋಲಿನಿಂದ ಕುಟ್ಟಿದರು.

"ನಾನು ಇಲ್ಲಿ ನಿಂತು ನೀರು ಹಾಕಬೇಕಾದರೆ ನನ್ನ ಪಾದ ಎಲ್ಲಿ ಇಡುದು? ಕಲ್ಲಿಗೆ ಬೆರಳು ತಾಗ್ತದೆ, ಬಗ್ಗಿದರೆ ಸೊಂಟ ಹೋಗ್ತದೆ."

ಹನಾನ್ ಕೆಳಗಿನ ವರಸೆಯನ್ನು ನಾಲ್ಕು ಬೆರಳು ಒಳಗೆ ತಳ್ಳಿದ. ಪಾದ ಒಳಗೆ ಹೋಯಿತು, ಅವರು ನೆಟ್ಟಗೆ ನಿಂತರು. ಕೂಡಲೇ ಇನ್ನೊಂದು ತಪ್ಪು ಹುಡುಕಿದರು. ಅಂಚು ಸಮತಟ್ಟಾಗಿದ್ದರೆ ನೀರು ಹೊರಗೆ ಹರಿಯುತ್ತದೆ, ಒಳಗೆ ಇಳಿಜಾರು ಬೇಕು. ಹಿಡಿಯಲು ಗೋಡೆಗೊಂದು ಸರಳು ಬೇಕು, ಎಡಗಡೆ. ಬಲಗೈಯಲ್ಲಿ ಮಗು ಇರುತ್ತದೆ. ಸೊಪ್ಪಿನ ನೀರಿಗೆ ಬೇರೆ ಕಟ್ಟೆ ಬೇಕು, ಎಲೆ ಸಿಕ್ಕಿದರೆ ನಿಮ್ಮ ಪೈಪು ಕಟ್ಟಿಹೋಗುತ್ತದೆ. ಹನಾನ್ ಒಂದೊಂದನ್ನೂ ಕಲ್ಲಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆದುಕೊಂಡ, ಸರಳಿನ ಜಾಗದಲ್ಲಿ ಸದ್ಯಕ್ಕೆ ಒಂದು ಕಂಬ ನೆಟ್ಟ.

ಕೈ ಶವರನ್ನು ಅಂಗಳದ ನಲ್ಲಿಗೆ ಸಿಕ್ಕಿಸಿ ತೋರಿಸಿದಾಗ ಅಂಗೈ ಹಿಡಿದು ನೋಡಿದರು. "ಇದು ಮಗುವಿನ ತಲೆಗೆ ಒಳ್ಳೆದುಂಟು. ಕಣ್ಣಿಗೆ ಹೋಗುದಿಲ್ಲ. ತಾಯಿಯ ಬೆನ್ನಿಗೆ ಇದು ಎಂತದಕ್ಕೂ ಸಾಕಾಗ್ಲಿಕ್ಕಿಲ್ಲ, ಚೆಂಬೇ ಬೇಕು."

"ಎರಡೂ ಇರ್ಲಿ ಅಜ್ಜಿ" ಅಂದಳು ಭವಿತಾ. "ಈಗ ಕೂತು ನೋಡಿ."

ದುಗ್ಗಮ್ಮಕ್ಕ ನನ್ನ ಕಡೆ ತಿರುಗಿದರು. ನನ್ನ ಉಪಾಯ ಗೊತ್ತಾಗಿತ್ತು. ಹಾಗೇ ಹೊರಟುಹೋಗುತ್ತಾರೆ ಎಂದು ಹೆದರಿದೆ. ಆದರೆ ಅವರು ಕೋಲನ್ನು ಹನಾನ್ ಕೈಗೆ ಕೊಟ್ಟು, ಮಂಚದ ಮೇಲೆ ಕೂರುವ ಹಾಗೆ ಕಲ್ಲಿನ ಮೇಲೆ ಕೂತರು. ಕಾಲೆತ್ತಿ ಅಂಚಿನ ಉದ್ದಕ್ಕೆ ಚಾಚಿದರು. ಸೀರೆ ಸರಿಮಾಡಿಕೊಂಡರು. ಆಮೇಲೆ, "ಮಗು ಎಲ್ಲಿ?" ಎಂದು ಕೇಳಿದರು.

ಮಗು ಹುಟ್ಟಲು ಇನ್ನೂ ಎರಡು ತಿಂಗಳಿತ್ತು. ಜತ್ತಪ್ಪ ಒಳಗೆ ಹೋಗಿ ಅಟ್ಟದಿಂದ ಒಂದು ಬೂದುಕುಂಬಳಕಾಯಿ ತಂದರು. ಮೂರು ಕಿಲೋ ಇದ್ದೀತು. ದುಗ್ಗಮ್ಮಕ್ಕ ಅದರ ಬೂದಿ ಒರೆಸಿ, ಕಾಲಿನ ಮೇಲೆ ಮಲಗಿಸಿ, ಎಣ್ಣೆ ಕೇಳಿದರು. ಹಚ್ಚಿದರು. ಇಲ್ಲದ ಕತ್ತಿನ ಅಡಿಗೆ ಕೈ ಕೊಟ್ಟರು, ಇಲ್ಲದ ಮೂಗನ್ನು ನೀವಿದರು. ಮಗುಚಿ ಬೆನ್ನು ತಿಕ್ಕಿದರು. ಎರಡು ವರ್ಷ ಸುಮ್ಮನಿದ್ದ ಆ ಕೈಗೆ ಒಂದು ವಿಷಯವೂ ಮರೆತಿರಲಿಲ್ಲ. ನಗಬೇಕೆಂದು ನಿಂತಿದ್ದ ನಾವು ಯಾರೂ ನಗಲಿಲ್ಲ.

"ಅಕ್ಕ, ನಾನು ಎಷ್ಟೋ ಬಾತ್‌ರೂಂ ಮಾಡಿದ್ದೇನೆ. ಕುಂಬಳಕಾಯಿಗೆ ಮಾಡಿದ್ದು ಇದೇ ಮೊದಲು" ಎಂದು ಹನಾನ್ ನನ್ನ ಕಿವಿಯಲ್ಲಿ ಹೇಳಿದ. ಅಷ್ಟು ಸಾಕಾಯಿತು, ನಕ್ಕೆವು.

ಈಗ ಏಳಬೇಕಿತ್ತು. ಭವಿತಾ ಮುಂದೆ ಹೋದಳು, ದುಗ್ಗಮ್ಮಕ್ಕ ಕಣ್ಣಿನಲ್ಲೇ ತಡೆದರು. ಎಣ್ಣೆ ಮೆತ್ತಿದ ಕುಂಬಳವನ್ನು ಬಲಗೈಯಲ್ಲಿ ಎದೆಗೆ ಒತ್ತಿಕೊಂಡರು. ಕಾಲನ್ನು ಹೊರಗೆ ಇಳಿಸಿದರು, ಪಾದ ನೆಲಕ್ಕೆ ಊರಿತು. ಸರಳಿಗೆ ಬದಲು ನೆಟ್ಟಿದ್ದ ಕಂಬವನ್ನು ಎಡಗೈಯಲ್ಲಿ ಹಿಡಿದು, ಒಮ್ಮೆ ಉಸಿರು ತೆಗೆದುಕೊಂಡು, ಎದ್ದು ನಿಂತರು. ಯಾರೂ ಮುಟ್ಟಲಿಲ್ಲ.

ಕುಂಬಳವನ್ನು ನನ್ನ ಕೈಗೆ ಕೊಟ್ಟರು. "ಡೇಟು ಯಾವತ್ತು?" ಎಂದು ಭವಿತಾಳನ್ನು ಕೇಳಿದರು.

"ಏಪ್ರಿಲ್ ಇಪ್ಪತ್ತು."

"ಬರ್ತೇನೆ" ಅಂದರು. ಸಂತೋಷವಾದರೆ ನನಗೆ ಮಾತು ಬರುವುದಿಲ್ಲ, ಸಿಟ್ಟು ಬಂದರೆ ಮಾತ್ರ ಬರುತ್ತದೆ.

ಮಾರ್ಚ್ ಕೊನೆಗೆ ತೊಟ್ಟಿ ಮುಗಿಯಿತು. ಕಲ್ಲು ಕಟ್ಟಿ, ನೀರು ಸೋರದ ಗಾರೆ ಹಾಕಿ, ಒರಟು ಹಸಿರು ಟೈಲ್ಸು ಅಂಟಿಸಿ, ಮೂಲೆಯ ಅಂಚುಗಳನ್ನೆಲ್ಲ ಹನಾನ್ ತಾಗದ ಹಾಗೆ ಉರುಟು ಮಾಡಿದ್ದ. ಒಳಗೆ ಕೂರಲು ಒಂದು ಮೆಟ್ಟಿಲು, ಮೇಲೆ ಶವರ್, ಪಕ್ಕದಲ್ಲಿ ಕೈ ಶವರ್, ಆಚೆ ಹಂಡೆ. ಮೊದಲ ದಿನವೇ ಭವಿತಾ ಕತ್ತಿನವರೆಗೆ ನೀರು ತುಂಬಿಸಿ ಮುಕ್ಕಾಲು ಗಂಟೆ ಕೂತಳು, ಯಾರ ಕೈಯೂ ಹಿಡಿಯದೆ ಎದ್ದು ಬಂದಳು. ಮರುದಿನ ದುಗ್ಗಮ್ಮಕ್ಕನನ್ನು ಕರೆದೆವು. ಅವರು ನೀರಿನ ಹದ, ಸರಳಿನ ಗಟ್ಟಿತನ, ಇಳಿಜಾರು ಎಲ್ಲ ನೋಡಿದರು. ತಪ್ಪು ಸಿಗದೆ ಸ್ವಲ್ಪ ಬೇಸರದಲ್ಲಿದ್ದರು.

ಆಗ ಭವಿತಾ ಸುಮ್ಮನೆ ಕೇಳಿದಳು. "ಅಜ್ಜಿ, ನಿಮಗೆ ಬಾಣಂತಿ ಸ್ನಾನ ಯಾರು ಮಾಡಿಸಿದ್ದು?"

"ನನಗೆ ಯಾರು ಮಾಡಿಸುದು? ಅವ್ವ ತೀರಿಹೋಗಿದ್ದಳು. ಮೂರನೇ ದಿನ ನಾನೇ ನೀರು ಕಾಯಿಸಿ ಮಿಂದೆ. ಎಂಟನೇ ದಿನ ಇನ್ನೊಬ್ಬರ ಮನೆಗೆ ಮೀಯಿಸ್ಲಿಕ್ಕೆ ಹೋದೆ" ಅಂದರು. ಪೇಟೆಯಲ್ಲಿ ಬಸ್ಸು ಸಿಗಲಿಲ್ಲ ಎನ್ನುವ ಹಾಗೆ ಹೇಳಿದರು.

ಮೂವತ್ತು ವರ್ಷದ ಹಿಂದೆ ನಲವತ್ತು ದಿನ ಅವರ ಕೈಯ ನೀರು ಹಾಕಿಸಿಕೊಂಡವಳು ನಾನು. ಒಂದು ದಿನವೂ ಈ ಪ್ರಶ್ನೆ ನನ್ನ ಬಾಯಿಗೆ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಜತ್ತಪ್ಪಣ್ಣ ಎಲ್ಲಿದ್ದಾರೆ?" ಎಂದು ಅವರು ಕೇಳಿದರು, ನಾನು ಬಚ್ಚಲ ಬಾಗಿಲು ಹಾಕಿದ್ದು ನೋಡಿ.

"ಪೇಟೆಗೆ ಹೋಗಿದ್ದಾರೆ. ಕೂತುಕೊಳ್ಳಿ."

"ಎಂತಕ್ಕೆ?"

"ಕೂತುಕೊಳ್ಳಿ ಅಂದೆ."

ನನ್ನ ದನಿಗೋ ಏನೋ, ಕೂತರು. ಭವಿತಾ ಅವರ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗೆ ಇಳಿಸಿದಳು. ತೊಟ್ಟಿಯೊಳಗಿನ ಮೆಟ್ಟಿಲಿನ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಹಾಕಿ ತಟ್ಟಿದಳು. ನಾನು ಹಂಡೆಯಿಂದ ನೀರು ತೋಡಿ ಬೆನ್ನಿಗೆ ಹಾಕಿದೆ.

"ಅಷ್ಟು ಮೆಲ್ಲ ಹಾಕಿದರೆ ಎಂತ ಗುಣ? ಬೀಸಿ ಹಾಕು."

ಬೀಸಿ ಹಾಕಿದೆ.

"ಇನ್ನೂ ಬಿಸಿ ಬೇಕು. ಸೊಂಟಕ್ಕೆ ಹಾಕು, ಬೆನ್ನಿಗೆ ಎಂತ ಆಗಿದೆ. ಭವಿತಾ, ನೀನು ಭಾರ ಎತ್ತಬೇಡ, ತಲೆ ಮಾತ್ರ ನೋಡು. ಚೆಂಬು ತಿರುಗಿಸುದು ಹಾಗಲ್ಲ ಮಾರಾಯ್ತಿ, ನಿನಗೆ ನಲವತ್ತು ದಿನ ತೋರಿಸಿದ್ದೇನೆ ನಾನು."

ಹತ್ತು ಚೆಂಬಿನವರೆಗೆ ಬೈದರು. ಹನ್ನೊಂದನೆಯದಕ್ಕೆ ಬೈಗುಳ ಬರಲಿಲ್ಲ. ಹದಿನೈದಾಯಿತು, ಇಪ್ಪತ್ತಾಯಿತು. ಅವರ ಹೆಗಲು ಮೆಲ್ಲನೆ ಇಳಿದು, ತಲೆ ಭವಿತಾಳ ಕೈಗೆ ಒರಗಿತು. ನೀರು ಸಾಕಾಯಿತೇನೋ ಎಂದು ನಾನು ಚೆಂಬು ಕೆಳಗಿಟ್ಟೆ.

"ನಿಲ್ಲಿಸಬೇಡ" ಅಂದರು ದುಗ್ಗಮ್ಮಕ್ಕ.