ಸುಜಾತಾಳ ಮಣ್ಣಿನ ಗೋಡೆ

ಹುಕ್ಕೇರಿಯ ಹೊರವಲಯದಲ್ಲಿ ಗುರುರಾಜ ಮಾರಲೆಂದು ಕಟ್ಟಿದ ಸಿಮೆಂಟ್ ಮನೆ ಬಣ್ಣ ಒಣಗುವ ಮೊದಲೇ ಮಾರಾಟವಾಯಿತು. ಅದರ ಪಕ್ಕದಲ್ಲೇ ಅವನ ತಂಗಿ ಸುಜಾತಾ ಹಟ ಹಿಡಿದು ಕಟ್ಟಿಸಿದ ಮನೆಗೆ ಮಾತ್ರ ವರ್ಷವಾದರೂ ಗಿರಾಕಿ ಇಲ್ಲ. ಸುಡದ ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ. ಜನ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, "ಮಣ್ಣಿಂದು ಬ್ಯಾಡ್ರಿ" ಎಂದು ಹೋಗುತ್ತಿದ್ದರು. ಅಷ್ಟು ಹೇಳುವುದಕ್ಕೆ ಚಹಾ ಯಾಕೆ ಬೇಕಿತ್ತೋ!

ಗುರುರಾಜ ಕಡೆಯ ಮಾತು ಹೇಳಿಬಿಟ್ಟಿದ್ದ. "ಐತವಾರದೊಳಗ ಇದು ಹೋಗಲಿಲ್ಲಂದ್ರ ನಾವು ಕಟ್ಟೂ ಮುಂದಿನ ನಾಲ್ಕೂ ಮನಿ ಸಿಮೆಂಟಿನ್ವ. ಮತ್ತ ಮಣ್ಣಿನ ಸುದ್ದಿ ತಗೀಬ್ಯಾಡ."

ಐತವಾರ ಸುಡುಸುಡು ಮಧ್ಯಾಹ್ನ ಕುಲಗೋಡದಿಂದ ಶಾಲಾ ಮಾಸ್ತರ ಅಶೋಕ ತಾಯಿಯೊಂದಿಗೆ ಬಂದ. ತಾಯಿ ಯಲ್ಲಕ್ಕ ನಲವತ್ತು ವರ್ಷ ಕುರಿಗಳ ಹಿಂದೆ ನಡೆದ ಹೆಂಗಸು.

ಸುಜಾತಾ ಬಾಯಿಪಾಠ ಒಪ್ಪಿಸತೊಡಗಿದಳು. "ಪರಿಸರಸ್ನೇಹಿ ಮನಿರಿ. ಇಟ್ಟಿಗಿ ಸುಡಾಕ ಒಂದ ಕಟ್ಟಿಗಿ ಉರಿಸಿಲ್ಲ. ಬ್ಯಾಸಗ್ಯಾಗ ಗ್ವಾಡಿ ತಂಪ..."

"ಮಸರು ಮಾರಾಕಿ ತನ್ನ ಮಸರು ಹುಳಿ ಅಂತಾಳೇನವ್ವಾ?" ಎಂದು ಯಲ್ಲಕ್ಕ ನಕ್ಕಳು.

ಅಷ್ಟರಲ್ಲಿ ಅವಳ ಕಣ್ಣು ಕಟ್ಟೆಯ ಮೇಲೆ ಬಿತ್ತು. ಗೋಡೆಯುದ್ದಕ್ಕೂ ಕುರಿ ಹಿಕ್ಕೆ! ಸುಜಾತಾಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

"ತಪ್ಪಾತ್ರಿ ಅವ್ವಾರ. ಬಾಜೂ ಹೊಲದ ಬೀರಸಿದ್ದಪ್ಪನ ಕುರಿ. ಎಷ್ಟ ಹೊಡದ್ರೂ ಮಧ್ಯಾಹ್ನಕ್ಕ ಇಲ್ಲೇ ಬಂದು ಮಲಗತಾವು. ಈಗ ಗುಡಸ್ತೇನ್ರಿ."

"ತಡಿ. ಆಚಿಕಡೆ ಮನಿ ಕಟ್ಟಿನ ಯಾರ ಗುಡಸ್ತಾರ?"

"ಅದನ್ನ ತಗೊಂಡಾವ್ರು ಇನ್ನೂ ಇರಾಕ ಬಂದಿಲ್ರಿ. ಗುಡಸಾವ್ರೂ ಇಲ್ಲ."

ಯಲ್ಲಕ್ಕ ಸಿಮೆಂಟ್ ಮನೆಗೆ ನಡೆದು ಹೋದಳು. ಅಷ್ಟೇ ಅಗಲದ ಕಟ್ಟೆ, ಅಷ್ಟೇ ನೆರಳು, ಆದರೆ ಒಂದು ಹಿಕ್ಕೆಯೂ ಇಲ್ಲ. ಗೋಡೆಗೆ ಅಂಗೈ ಇಟ್ಟವಳು ಚಟ್ಟನೆ ತೆಗೆದಳು. ತಿರುಗಿ ಬಂದು ಸುಜಾತಾಳ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕುಳಿತಳು.

"ಅಶೋಕಾ, ಇದನ್ನ ತಗೋ."

"ಮಣ್ಣಿಂದೈತಲ್ಲ ಬೇ. ಮಳಿ ಬಂದ್ರ?"

"ಹೋದ ಮಳಿಗಾಲ ಪೂರ್ತಿ ನೆನದೈತ್ರಿ," ಸುಜಾತಾ ಈಗ ಬಾಯಿಪಾಠ ಮರೆತು ಹೇಳಿದಳು. "ಒಂದ ಬಿರುಕು ತೋರಸ್ರಿ, ನಾನ ಕೆಡವತೇನಿ."

ಅಶೋಕ ಮನೆಯನ್ನು ಎರಡು ಸುತ್ತು ಹಾಕಿ ಬಂದ. ಬಿರುಕು ಸಿಗಲಿಲ್ಲ.

"ಮನಶ್ಯಾರು ಸುಳ್ಳ ಹೇಳತಾರ," ಎಂದಳು ಯಲ್ಲಕ್ಕ. "ಕುರಿ ತಂಪ ಇಲ್ಲದ ಜಾಗಾದಾಗ ಮೈ ಹಚ್ಚೂದಿಲ್ಲ." ಅಶೋಕ ಮನೆ ತೆಗೆದುಕೊಳ್ಳಲು ಒಪ್ಪಿದ.

ವರ್ಷವಿಡೀ ತನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದವರನ್ನೇ ಕೋಲು ಹಿಡಿದು ಓಡಿಸಿದ್ದು ನೆನೆದು ಸುಜಾತಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅಣ್ಣನಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು.

ಗುರುರಾಜ ಎಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ: "ಹಂಗಾರ ಮುಂದಿನ ನಾಲ್ಕೂ ಮನಿ ಮಣ್ಣಿನ್ವ ಆಗಲಿ. ಕಟ್ಟಿ ಅಷ್ಟ ಇನ್ನೊಂದೀಟು ಅಗಲ ಹಾಕಸು. ಕುರಿಗೆ ಜಾಗಾ ಸಾಲಬೇಕಲ್ಲ."